ದೌಲತರಾಯರ ಕಾರಿಗೆ ಸೂಪರ್‌ಚಾರ್ಜರ್

ದೇವಿಂದ್ರಪ್ಪನಿಗೆ ತನ್ನ ಯೆಜ್ಡಿ ಕೈಬಿಟ್ಟು ಹೋದದ್ದಕ್ಕಿಂತ, ಅದು ಕುರಿಗಳ ದೆಸೆಯಿಂದ ಹೋಯಿತಲ್ಲ ಎಂಬುದೇ ಹೆಚ್ಚಿನ ಉರಿಯಾಗಿತ್ತು. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಆ ಮೋಟರ್‌ಸೈಕಲ್ಲೇ ಒಂದು ಐಶ್ವರ್ಯ. ಅದೇ ಊರಿನ ದೌಲತರಾಯ ಗೌಡರು ಒಂದು ದಿನ ಚಹಾದಂಗಡಿಯಲ್ಲಿ ಕೂತು, ತಮ್ಮ ಅಂಬಾಸಡರ್ ಅವನ ಯೆಜ್ಡಿಗಿಂತ ಮೊದಲು ಅಫಜಲಪುರ ಮುಟ್ಟುತ್ತದೆ ಎಂದು ಎಲ್ಲರೆದುರು ಅಂದುಬಿಟ್ಟರು. ಸೋತವನು ಗೆದ್ದವನಿಗೆ ಗಾಡಿ ಬಿಟ್ಟುಕೊಡಬೇಕೆಂದು ಪಂಥವಾಯಿತು. ದೇವಿಂದ್ರಪ್ಪನಿಗೆ ನಗು ತಡೆಯಲಾಗಲಿಲ್ಲ. ಗೌಡರ ಮುದಿ ಕಾರು ಏರು ಬಂತೆಂದರೆ ಎತ್ತಿನ ಬಂಡಿಗೂ ದಾರಿ ಬಿಟ್ಟು ನಿಲ್ಲುತ್ತಿತ್ತು.

ಪಂಥದ ದಿನ ಅವನು ಎಷ್ಟು ಮುಂದಿದ್ದನೆಂದರೆ, ದಾರಿಯಲ್ಲಿ ಇಳಿದು ಒಂದು ಕಬ್ಬಿನ ಜಲ್ಲೆ ಮುರಿದು ತಿಂದು ಮತ್ತೆ ಹತ್ತಿದ್ದ. ಅಫಜಲಪುರ ಇನ್ನೇನು ಕಾಣಬೇಕು, ಅಷ್ಟರಲ್ಲಿ ಹುಲೆಪ್ಪ ಎಂಬ ಕುರಿ ಕಾಯುವವನು ರಸ್ತೆಯ ತುಂಬ ಹಿಂಡು ಹೊಡೆದುಕೊಂಡು ಬಂದ. ಎರಡೂ ಮಗ್ಗುಲಿಗೆ ಜಾಲಿ ಮುಳ್ಳು. ದೇವಿಂದ್ರಪ್ಪ ಹಾರ್ನ್ ಹೊಡೆದ, ಬೈದ, ಇಳಿದು ಕಾಲಿಗೂ ಬಿದ್ದ. ಕುರಿಗಳು ಅವನನ್ನು ಸುತ್ತಿಕೊಂಡು ನಿಂತವೇ ಹೊರತು ಕದಲಲಿಲ್ಲ. ಆಗ ಹಿಂದಿನಿಂದ ಗೌಡರ ಕಾರಿನ ಹಾರ್ನ್ ಕೇಳಿಸಿತು. ಕುರಿಗಳು ತಲೆ ಎತ್ತಿದವು, ಎರಡು ಭಾಗವಾದವು, ನಡುವೆ ಕಾರು ಸಾವಕಾಶ ದಾಟಿ ಹೋಯಿತು. ಹಿಂಡು ಗೌಡರದೇ ಎಂಬುದು, ಆ ಹಾರ್ನಿಗೆ ಅವು ದಿನಾ ದಾರಿ ಬಿಡುತ್ತಿದ್ದವೆಂಬುದು ಅವನಿಗೆ ತಿಳಿದದ್ದು ಕೀಲಿ ಒಪ್ಪಿಸಿದ ಮೇಲೆ.

ಹಿರಿಯರು ಮಾತು ಮಾತೇ ಅಂದರು. ಯೆಜ್ಡಿ ಗೌಡರ ವಾಡೆಯ ದನದ ಕೊಟ್ಟಿಗೆ ಸೇರಿತು. ಒಂದು ದಿನ ಪಂಪ್ ರಿಪೇರಿಗೆಂದು ಆ ಕಡೆ ಹೋದ ದೇವಿಂದ್ರಪ್ಪ ನೋಡುತ್ತಾನೆ, ಅದರ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿದೆ. ಗೌಡರಿಗೆ ಮೋಸ ಮಾಡಬೇಕೆಂಬ ವಿಚಾರ ಅವನಿಗೆ ಹುಟ್ಟಿದ್ದು ಅಲ್ಲೇ, ಆ ಕೋಳಿಯ ಮುಂದೆ.

ಅವನು ಅವಸರ ಮಾಡಲಿಲ್ಲ. ಗೆದ್ದರೂ ಗೌಡರಿಗೆ ನೆಮ್ಮದಿ ಇಲ್ಲವೆಂಬುದನ್ನು ಮೊದಲು ಗಮನಿಸಿದ. ಊರಿನವರು ಬೆನ್ನ ಹಿಂದೆ ಅವರನ್ನು ಕುರಿ ಗೌಡರು ಅನ್ನುತ್ತಿದ್ದರು. ಅದು ಗೌಡರ ಕಿವಿಗೂ ಬಿದ್ದಿತ್ತು. ಒಮ್ಮೆಯಾದರೂ ಆ ಯೆಜ್ಡಿಯನ್ನು ಖರೇನೇ ಹಿಂದೆ ಹಾಕಬೇಕೆಂಬ ಆಸೆ ಅವರ ಹೊಟ್ಟೆಯೊಳಗೆ ಕೂತಿತ್ತು. ದೇವಿಂದ್ರಪ್ಪ ಆ ಆಸೆಗೇ ಗಾಳ ಹಾಕಿದ. ಲಾರಿ ಡ್ರೈವರೊಬ್ಬನ ಬಾಯಿಂದ ಕೇಳಿದ್ದ ಸೂಪರ್‌ಚಾರ್ಜರ್ ಎಂಬ ಮಾತನ್ನು, ಪಂಪ್ ಬಿಚ್ಚುತ್ತ ಬಿಚ್ಚುತ್ತ, ತನ್ನಷ್ಟಕ್ಕೆ ತಾನು ಅಂದುಕೊಂಡವನಂತೆ ಗೌಡರ ಮುಂದೆ ಉದುರಿಸಿದ. ಅದು ಎಂಜಿನ್ನಿಗೆ ಗಾಳಿಯನ್ನು ದಬ್ಬಿ ದಬ್ಬಿ ಉಣಿಸುವ ಯಂತ್ರ, ವಿಲಾಯತಿಯ ರೇಸಿನ ಕಾರುಗಳಿಗೆ ಇರುತ್ತದೆ, ಅದನ್ನು ಕೂಡಿಸಿದ ಮೇಲೆ ಅಂಬಾಸಡರ್ ಮುಂದೆ ಯೆಜ್ಡಿ ಏನೂ ಅಲ್ಲ, ಆದರೆ ಅದನ್ನು ಕೂಡಿಸಬಲ್ಲ ಕೈ ಈ ಮೂರು ತಾಲೂಕಿನಲ್ಲಿ ಎಲ್ಲಿದೆ ಎಂದು ನಿಟ್ಟುಸಿರುಬಿಟ್ಟ. ಗೌಡರು ಮೂರನೆಯ ದಿನ ತಾವಾಗಿಯೇ ಅಂಗಡಿಗೆ ಬಂದರು. ಕೂಲಿ ಬೇಡ, ತನ್ನ ಯೆಜ್ಡಿ ತನಗೆ ಬಂದರೆ ಸಾಕೆಂದ ದೇವಿಂದ್ರಪ್ಪ. ಅಂಥ ಯಂತ್ರ ಬಂದ ಮೇಲೆ ಕೋಳಿ ಕೂರುವ ಗಾಡಿ ತಮಗೇಕೆಂದು ಗೌಡರೂ ಒಪ್ಪಿದರು.

ದೇವಿಂದ್ರಪ್ಪ ಸೂಪರ್‌ಚಾರ್ಜರನ್ನು ಕಣ್ಣಿಂದ ಕಂಡವನಲ್ಲ. ಗೌಡರೂ ಕಂಡವರಲ್ಲ ಎಂಬುದೇ ಅವನ ಧೈರ್ಯ. ಗುಲಬರ್ಗಾದಲ್ಲಿ ಕುಲಸುಮಬಿ ಎಂಬಾಕೆಯ ಗುಜರಿ ಅಂಗಡಿಗೆ ಹೋಗಿ, ಮೂಲೆಯಲ್ಲಿ ಗ್ರೀಸು ಮೆತ್ತಿಕೊಂಡು ಬಿದ್ದಿದ್ದ ಒಂದು ಕಬ್ಬಿಣದ ಡಬ್ಬಿ ಆರಿಸಿದ. ನೋಡಲಿಕ್ಕೆ ಗಡುತರವಾಗಿತ್ತು, ಒಳಗೆ ಒನಕೆಯಂಥ ಎರಡು ರೋಲರುಗಳು ಒಂದನ್ನೊಂದು ಒತ್ತಿಕೊಂಡು ತಿರುಗುತ್ತಿದ್ದವು, ಜೋರಾಗಿ ತಿರುವಿದರೆ ಕೆಟ್ಟದಾಗಿ ಕಿರುಚುತ್ತಿತ್ತು. ಅವನಿಗೆ ಬೇಕಾದದ್ದು ಆ ಕಿರುಚಾಟವೇ. ತೂಕ ಮಾಡಿಸಿ, ಚೌಕಾಸಿ ಮಾಡಿ, ಚೀಲದಲ್ಲಿ ಕಟ್ಟಿಕೊಂಡು ಬಂದ.

ಕೆಲಸ ನಡೆದದ್ದು ಗೌಡರ ವಾಡೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ. ಗೌಡರು ಎದುರಿಗೇ ಹೊರಸು ಹಾಕಿಸಿಕೊಂಡು ಕೂತು ಒಂದೊಂದು ಬೋಲ್ಟನ್ನೂ ನೋಡುತ್ತಿದ್ದರು. ಮಧ್ಯಾಹ್ನ ಅವರ ಹೆಂಡತಿ ಗುರುಶಾಂತಮ್ಮ ಬಿಸಿ ರೊಟ್ಟಿ, ಪುಂಡಿ ಪಲ್ಯ ಹಾಕಿಸಿ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳದಿದ್ದರೆ ಏಳಗೊಡುತ್ತಿರಲಿಲ್ಲ. ಮೋಸ ಮಾಡುವವನಿಗೆ ಇದು ಸ್ವಲ್ಪ ಮುಜುಗರದ ಸಂಗತಿಯೇ. ಆದರೂ ದೇವಿಂದ್ರಪ್ಪ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಲಿಲ್ಲ. ಡಬ್ಬಿಯಿಂದ ಹೊರಟ ಪೈಪು ಎಲ್ಲೂ ಹೋಗದೆ ನಿಂತರೆ ಗೌಡರಿಗೆ ಸಂಶಯ ಬಂದೀತೆಂದು ಅದನ್ನು ಎಂಜಿನ್ನಿನ ಬಾಯಿಗೇ ಜೋಡಿಸಿದ. ಗಾಳಿ ಸೋರಿ ಪುಸುಗುಟ್ಟಿದರೆ ಹೆಸರು ಕೆಟ್ಟೀತೆಂದು ಟ್ಯೂಬು ಕತ್ತರಿಸಿ ವಾಷರ್ ಕೂಡಿಸಿದ. ಮೊದಲ ಸಲ ಚಾಲೂ ಮಾಡಿದಾಗ ಎಂಜಿನ್ ಕೆಮ್ಮಿ ನಿಂತಿತು. ಹೊಟ್ಟೆಗೆ ಪೆಟ್ರೋಲು ಸಾಲುತ್ತಿಲ್ಲವೆಂದು ಕಾರ್ಬೊರೇಟರಿನ ತೂತು ದೊಡ್ಡದು ಮಾಡಿದ. ಕಿರುಚಾಟ ಇನ್ನಷ್ಟು ಜೋರಾಗಲೆಂದು ಡಬ್ಬಿಗೆ ಸಣ್ಣ ಗಾಲಿ ಹಾಕಿ, ಅದನ್ನು ಹಿಟ್ಟಿನ ಗಿರಣಿಯ ಬೆಲ್ಟಿನಿಂದ ಎಂಜಿನ್ನಿಗೆ ಬಿಗಿದ. ಖೋಟಾ ಮಾಲಿಗೆ ಇಷ್ಟು ಚಂದದ ಫಿಟ್ಟಿಂಗ್ ಯಾರೂ ಮಾಡಿರಲಿಕ್ಕಿಲ್ಲ ಎಂದು ಮನಸ್ಸಿನಲ್ಲೇ ಬೀಗಿದ.

ಇನ್ನು ಉಳಿದದ್ದು ತಪ್ಪಿಸಿಕೊಳ್ಳುವ ದಾರಿ. ಅದನ್ನೂ ಅವನು ಯೋಚಿಸಿದ್ದ. ಸೊಲ್ಲಾಪುರದಲ್ಲಿ ಹೆಂಡತಿಯ ಅಣ್ಣ ವರ್ಕ್‌ಶಾಪ್ ತೆಗೆದು, ಬಾ ಎಂದು ಕರೆಯುತ್ತಲೇ ಇದ್ದ. ಪಾತ್ರೆ ಪಡಗ ಕಟ್ಟಿಕೊಟ್ಟು ಹೆಂಡತಿ ಸಕ್ಕುಬಾಯಿಯನ್ನು ಮೊದಲೇ ಬಸ್ಸು ಹತ್ತಿಸಿದ. ಆಕೆಗೆ ಈ ವ್ಯವಹಾರ ಸೇರಿರಲಿಲ್ಲ.

“ಗೌಡ್ರಿಗಿ ಗೊತ್ತಾಗಿ ಬೆನ್ನ ಹತ್ತಿದ್ರ ಏನ್ ಮಾಡ್ತೀರಿ?” ಎಂದು ಕಿಟಕಿಯಿಂದ ಕೇಳಿದಳು.

“ಹತ್ತಲಿ. ನಾ ಯೆಜ್ಡಿ ಮ್ಯಾಲ ಇರ್ತೇನಿ, ಅವ್ರು ಅಂಬಾಸಡರ್‌ದಾಗ ಇರ್ತಾರ,” ಅಂದ ದೇವಿಂದ್ರಪ್ಪ.

ಇಡೀ ಹಂಚಿಕೆಗೆ ಅದೇ ಬುಡ. ಹೊಲದಂಚಿನ ದಾರಿಯಲ್ಲಾಗಲಿ, ಡಾಂಬರಿನ ಮೇಲಾಗಲಿ, ಆ ಕಾರು ಆ ಯೆಜ್ಡಿಯನ್ನು ಹಿಡಿಯಲಾರದು. ಅವನು ಒಮ್ಮೆ ಸೋತದ್ದು ಕುರಿಗಳಿಗೆ, ಕಾರಿಗಲ್ಲ. ವಾಗದರಿ ದಾರಿ ಹಿಡಿದು ರಾಜ್ಯದ ಗಡಿ ದಾಟಿದರೆ ಆಯಿತು.

ಯಂತ್ರ ಒಪ್ಪಿಸುವ ಬೆಳಿಗ್ಗೆ ಗುರುಶಾಂತಮ್ಮ ಕಾರಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ದೇವಿಂದ್ರಪ್ಪ ಎಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಮೇಲೆ ನಾಜೂಕಾಗಿ ಕಾಲಿಟ್ಟ. ಹಳೆಯ ಡಬ್ಬಿ ಎಲ್ಲಿ ಸಿಡಿದು ಮುಖಕ್ಕೆ ಬರುತ್ತದೋ ಎಂದು ಅರ್ಧಕ್ಕಿಂತ ಹೆಚ್ಚು ಅವನೂ ಎಂದೂ ಒತ್ತಿರಲಿಲ್ಲ. ಬಾನೆಟ್ಟಿನೊಳಗಿಂದ ಎದ್ದ ಕೂಗಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡಿತು. ಗೌಡರ ಮುಖ ಅರಳಿತು.

“ಅಮಾಸಿ ಕಳಿಯೂತನಕ ಅರ್ಧಕ್ಕಿಂತ ಹೆಚ್ಚಿಗಿ ಒತ್ತಬ್ಯಾಡ್ರಿ ಗೌಡ್ರ. ಹೊಸಾ ಯಂತ್ರ, ಪಳಗಬೇಕು,” ಎಂದ ದೇವಿಂದ್ರಪ್ಪ.

ಅಮಾವಾಸ್ಯೆಗೆ ಇನ್ನೂ ವಾರವಿತ್ತು. ಅಷ್ಟರೊಳಗೆ ತಾನು ಸೊಲ್ಲಾಪುರದಲ್ಲಿ ಬೋರ್ಡು ಬರೆಸಿರುತ್ತೇನೆ ಎಂದುಕೊಂಡು, ಕೋಳಿಯನ್ನು ಎತ್ತಿ ಕೆಳಗಿಟ್ಟು, ಸೀಟು ಒರೆಸಿ, ಯೆಜ್ಡಿ ಹತ್ತಿದ.

ಊರು ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ, ನಡುವೆ ನೆಟ್ಟಗೆ ರಸ್ತೆ. ಎಷ್ಟೋ ತಿಂಗಳ ಮೇಲೆ ತನ್ನ ಗಾಡಿಯ ಸದ್ದು ಕೇಳಿ ಅವನಿಗೆ ಕಣ್ಣು ತುಂಬಿ ಬಂತು. ಹಾಡು ಕೂಡ ಗುನುಗಿದ. ಆಗ ಹಿಂದೆ, ದೂರದಲ್ಲಿ, ಎಮ್ಮೆ ಹಗ್ಗ ಹರಿಸಿದ ಆ ಕೂಗು ಕೇಳಿಸಿತು.

ಕನ್ನಡಿಯಲ್ಲಿ ನೋಡಿದ. ಒಂದು ಬಿಳಿ ಚುಕ್ಕಿ. ಗೊತ್ತಾಗಿಬಿಟ್ಟಿತು ಎಂದುಕೊಂಡ, ಆದರೆ ಹೆದರಲಿಲ್ಲ. ಕೈ ತಿರುವಿದ. ಯೆಜ್ಡಿ ಹಾರಿತು. ಮತ್ತೆ ನೋಡಿದಾಗ ಚುಕ್ಕಿಗೆ ಬಾನೆಟ್ಟು ಬಂದಿತ್ತು. ಇದು ಇಳಿಜಾರು, ಅದಕ್ಕೇ ಹೀಗೆ ಎಂದು ಸಮಾಧಾನ ಹೇಳಿಕೊಂಡ. ಮುಂದೆ ಏರು ಬಂತು. ಏರಿನಲ್ಲಿ ಬಾನೆಟ್ಟಿಗೆ ಕುಂಕುಮವೂ ಕಂಡಿತು. ದೇವಿಂದ್ರಪ್ಪ ಟ್ಯಾಂಕಿನ ಮೇಲೆ ಎದೆಯಿಟ್ಟು ಮಲಗಿ, ತಿರುವಲು ಇನ್ನೇನೂ ಉಳಿಯದಷ್ಟು ತಿರುವಿದ. ಕೂಗು ಕಿವಿಯ ಪಕ್ಕಕ್ಕೇ ಬಂತು. ಅಂಬಾಸಡರ್ ಅವನ ಮಗ್ಗುಲಿಗೆ ಬಂದು, ಒಂದು ಗಳಿಗೆ ಜೊತೆಗೆ ಓಡಿ, ಮುಂದೆ ಹೋಗಿ, ರಸ್ತೆಗೆ ಅಡ್ಡ ನಿಂತಿತು.

ಗೌಡರು ಇಳಿದರು. ಕಣ್ಣು ಕೆಂಪಾಗಿದ್ದವು. ತಲೆಯ ರುಮಾಲು ಬಿಚ್ಚುತ್ತ ಅವನ ಕಡೆಗೆ ನಡೆದುಬಂದರು. ಕೈಕಟ್ಟಿ ಪೊಲೀಸರಿಗೆ ಒಪ್ಪಿಸುತ್ತಾರೆ, ರುಮಾಲು ಅದಕ್ಕೇ ಎಂದುಕೊಂಡ ದೇವಿಂದ್ರಪ್ಪ. ಅವರು ಬಾಯಿ ತೆರೆಯುವ ಮೊದಲೇ ತಾನಾಗಿ ಹೇಳಿಬಿಟ್ಟರೆ ಶಿಕ್ಷೆ ಕಡಿಮೆಯಾದೀತೆಂದು ಅಲ್ಲೇ ಡಾಂಬರಿನ ಮೇಲೆ ಉದ್ದಕ್ಕೆ ಬಿದ್ದ.

“ತಪ್ಪಾತ್ರಿ ಗೌಡ್ರ. ಅದು ಸೂಪರ್‌ಚಾರ್ಜರ್ ಅಲ್ರಿ. ಗುಜರಿ ಅಂಗಡಿ ಡಬ್ಬಿ ಅದ. ಸುಮ್ನ ಒದರ್ತದ, ಏನೂ ಮಾಡಂಗಿಲ್ಲ. ನಿಮಗ ಮೋಸ ಮಾಡೀನ್ರಿ.”

ಗೌಡರು ನಿಂತಲ್ಲೇ ನಿಂತರು. ಕೈಯಲ್ಲಿ ಅರ್ಧ ಬಿಚ್ಚಿದ ರುಮಾಲು ಜೋತಾಡುತ್ತಿತ್ತು. ಮುಂದೆ ಯೆಜ್ಡಿ ಕಂಡದ್ದೇ ತಡ ಅಮಾವಾಸ್ಯೆ ಗಿಮಾವಾಸ್ಯೆ ಎಲ್ಲ ಮರೆತು ಪೂರ್ತಿ ಒತ್ತಿಬಿಟ್ಟೆನೆಂದೂ, ಒಂದೂ ಕುರಿಯ ಹಂಗಿಲ್ಲದೆ ಗೆದ್ದ ಸಂತೋಷಕ್ಕೆ ಕಣ್ಣೀರು ಬಂತೆಂದೂ, ಈ ರುಮಾಲನ್ನು ಅವನ ತಲೆಗೆ ಸುತ್ತಿ ಮರ್ಯಾದೆ ಮಾಡಬೇಕೆಂದು ಬಂದೆನೆಂದೂ ನಿಧಾನವಾಗಿ ಹೇಳಿದರು. ಆಮೇಲೆ ರುಮಾಲನ್ನು ಮತ್ತೆ ತಮ್ಮ ತಲೆಗೇ ಸುತ್ತಿಕೊಂಡು, “ಏನೂ ಮಾಡಂಗಿಲ್ಲ ಅಂತಿ. ಮತ್ತ ನಾ ನಿನ್ನ ಯೆಜ್ಡಿ ಹೆಂಗ ದಾಟಿದೆ?” ಎಂದು ಕೇಳಿದರು. ದೇವಿಂದ್ರಪ್ಪ ಬಿದ್ದಲ್ಲಿಂದಲೇ ತಲೆ ಎತ್ತಿ ಬಾನೆಟ್ಟಿನ ಕಡೆ ನೋಡಿದ. ಸೊಲ್ಲಾಪುರದ ಬೋರ್ಡಿಗೆ ಏನು ಬರೆಸಬೇಕೆಂಬುದರ ತನಕ ಎಲ್ಲವನ್ನೂ ಅವನು ಯೋಚಿಸಿದ್ದ. ಕುಲಸುಮಬಿಯನ್ನು ಆ ಡಬ್ಬಿಯ ತೂಕ ಎಷ್ಟೆಂದು ಕೇಳಿದ್ದ, ದರ ಎಷ್ಟೆಂದು ಕೇಳಿದ್ದ, ಇನ್ನೂ ಎಷ್ಟು ಇಳಿಸುತ್ತಿ ಎಂದೂ ಕೇಳಿದ್ದ. ಅದು ಏನು ಎಂದು ಮಾತ್ರ ಕೇಳಿರಲಿಲ್ಲ. “ಇರಲಿ, ಖೋಟಾ ಅಂತ ನೀನೇ ಅಂದಿ,” ಎಂದು ಗೌಡರು ಕೈ ಚಾಚಿದರು. “ಖೋಟಾ ಮಾಲಿಗಿ ಗಾಡಿ ಕೊಡೂದು ಎಲ್ಲಿ ರೀತಿ? ಕೀಲಿ ತಾ.”