ಐದೈದೇ ಮಿಲಿವೋಲ್ಟ್

"ನಿಮ್ಮ ತಮ್ಮ ಸಿಕ್ಕಾಪಟ್ಟೆ ಗೇಮ್ ಆಡ್ತಾನಾ?" ನನ್ನ ಕಂಪ್ಯೂಟರನ್ನು ಬಿಚ್ಚಿಟ್ಟುಕೊಂಡು ರಿಪೇರಿಯವನು ಕೇಳಿದ.

"ನನಗೆ ತಮ್ಮನೇ ಇಲ್ಲ."

"ಮತ್ತೆ ಗ್ರಾಫಿಕ್ಸ್ ಕಾರ್ಡಿಗೆ ಈ ಪಾಟಿ ವೋಲ್ಟೇಜ್ ಏರಿಸಿದ್ದು ಯಾರು?"

"ನಾನೇ. ಏನೀಗ?"

ಅವನು ತಲೆ ಎತ್ತಿದ. ಮೂಗಿನ ತುದಿಯಲ್ಲಿ ಧೂಳು. ಬೈಯುತ್ತಾನೆ ಎಂದುಕೊಂಡೆ, ನಕ್ಕುಬಿಟ್ಟ. ಹಾಳಾದವನ ನಗು ಚೆನ್ನಾಗಿತ್ತು.

ನನ್ನ ಕೆಲಸ ಆನಿಮೇಷನ್. ಬೇರೆಯವರ ಕಥೆಗಳಿಗೆ ಗೊಂಬೆ ಕುಣಿಸಿ ಸಾಕಾಗಿ, ಎರಡು ವರ್ಷ ಕೂತು ನನ್ನದೇ ಮೂರು ನಿಮಿಷದ ಸಿನಿಮಾ ಮಾಡಿದ್ದೆ: ಅಜ್ಜಿಯೊಬ್ಬಳು ಸೈಕಲ್ ಕಲಿಯುವ ಕಥೆ. ಶನಿವಾರ ಸಂಜೆ ಐದರೊಳಗೆ ಅದು ಸ್ಪರ್ಧೆಗೆ ಹೋಗಬೇಕು. ಅದಕ್ಕೆ ಮೊದಲು ಕಂಪ್ಯೂಟರು ನಾಲ್ಕು ಸಾವಿರ ಚಿತ್ರಗಳನ್ನು ಒಂದೊಂದಾಗಿ ತಯಾರಿಸಿ ಕೊಡಬೇಕು. ಬೇಗ ಆಗಲೆಂದು ಕಾರ್ಡಿನ ವೇಗ ಏರಿಸಿದೆ. ತಡವರಿಸಿತು, ವೋಲ್ಟೇಜ್ ಏರಿಸಿದೆ. ಮತ್ತೆ ತಡವರಿಸಿತು, ಮತ್ತೆ ಏರಿಸಿದೆ. ಸೋಮವಾರ ಬೆಳಿಗ್ಗೆ ಪರದೆ ಕಪ್ಪಾಯಿತು.

"ವೋಲ್ಟೇಜ್ ಏರಿಸಿದಷ್ಟೂ ಬಿಸಿ," ಎಂದ ಅವನು. "ಬಿಸಿ ತಡೀಲಾರದೆ ಕಾರ್ಡ್ ತಾನೇ ನಿಧಾನ ಆಗುತ್ತೆ, ಆಮೇಲೆ ಕೈ ಎತ್ತಿಬಿಡುತ್ತೆ. ವೇಗ ಹಾಗೇ ಇಟ್ಕೊಂಡು ವೋಲ್ಟೇಜ್ ಇಳಿಸ್ತಾ ಬರಬೇಕು. ಒಂದೊಂದು ಸಲ ಇಳಿಸಿದಾಗಲೂ ಅರ್ಧ ಗಂಟೆ ಓಡಿಸಿ ನೋಡಬೇಕು."

"ಇಳಿಸಿದ್ರೆ ಚೆನ್ನಾಗಿ ಓಡುತ್ತಾ? ಅದು ಹೇಗೆ? ಎಲ್ಲೀತನಕ ಇಳಿಸ್ತೀರಿ? ಸಾಕು ಅಂತ ಯಾರು ಹೇಳ್ತಾರೆ?"

"ಅಬ್ಬಬ್ಬಾ! ಕೂತ್ಕೊಳ್ಳಿ, ನೀವೇ ನೋಡಿ."

ಯಾಕೆ ಎಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಸೋಮವಾರ ಕೂತೆ, ಮಂಗಳವಾರವೂ ಕೂತೆ, ಬುಧವಾರವೂ.

ಬೀಗದ ಕೈ ಮಾಡುವವನ ಅಂಗಡಿಗೂ ದರ್ಜಿಯ ಅಂಗಡಿಗೂ ನಡುವೆ ಸಿಕ್ಕಿಕೊಂಡ ಸಣ್ಣ ಕೋಣೆ ಅದು. ಅವನು ಮೇಜಿನ ಆ ಕಡೆ, ನಾನು ಈ ಕಡೆ. ವೋಲ್ಟೇಜ್ ಇಳಿಸುವನು, ಫ್ಯಾನಿನ ಸದ್ದಿಗೆ ಕಿವಿ ಕೊಡುವನು, ಪುಸ್ತಕದಲ್ಲಿ ಗೀಚುವನು. ನಡುವೆ ಪರದೆಯ ಮೇಲಿಂದ ಒಂದು ಸಲ ನನ್ನನ್ನು ನೋಡುವನು. ನಾನು ನೋಡಿದರೆ ಥಟ್ಟನೆ ಸ್ಕ್ರೂ ಹುಡುಕತೊಡಗುವನು. ಆ ಸ್ಕ್ರೂ ಯಾವತ್ತೂ ಸಿಗುತ್ತಿರಲಿಲ್ಲ.

"ಕಾರ್ಡ್ ನೋಡೋಕೆ ಹೋಗೋಳಿಗೆ ಹೊಸ ಓಲೆ ಯಾಕಮ್ಮಾ?" ಗುರುವಾರ ಅಕ್ಕ ಕಾಲೆಳೆದಳು.

"ಸುಮ್ನಿರೇ ಅಕ್ಕ."

ಶುಕ್ರವಾರ ಮಧ್ಯಾಹ್ನ ಅವನು ಚಹಾ ತರಲು ಹೋದ. ಪುಸ್ತಕ ಮೇಜಿನ ಮೇಲೇ ಇತ್ತು. ಮುಟ್ಟಬಾರದಿತ್ತು, ಮುಟ್ಟಿದೆ. ಬೇರೆಯವರ ಕಾರ್ಡುಗಳನ್ನೆಲ್ಲ ಇಪ್ಪತ್ತೈದಿಪ್ಪತ್ತೈದು ಮಿಲಿವೋಲ್ಟಿನಂತೆ ಇಳಿಸಿ, ಮೂರು ಗಂಟೆಯೊಳಗೆ ಕೆಲಸ ಮುಗಿಸಿದ್ದ. ನನ್ನ ಪುಟದಲ್ಲಿ ಮಾತ್ರ ಐದು, ಐದು, ಮತ್ತೆ ಐದು.

ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. ನಾಳೆಯೇ ಶನಿವಾರ! ಚಿತ್ರಗಳು ಹೊರಬರಲು ಒಂದು ಹಗಲು, ಒಂದು ರಾತ್ರಿ ಪೂರ್ತಿ ಬೇಕು.

ಚಹಾ ಹಿಡಿದು ಬಂದವನ ಮುಂದೆ ಪುಸ್ತಕ ಹಿಡಿದೆ. "ಏನ್ರೀ ಇದು? ಸೋಮವಾರವೇ ಮುಗಿಯೋ ಕೆಲಸಾನ ವಾರ ಪೂರ್ತಿ ಎಳೆದಿದ್ದೀರಿ. ನನ್ನ ಎರಡು ವರ್ಷದ ದುಡಿಮೆ ನಿಮಗೆ ಆಟವಾ?"

ಅವನ ಮುಖ ಸಣ್ಣದಾಯಿತು. ಪರದೆಯನ್ನು ನನ್ನ ಕಡೆ ತಿರುಗಿಸಿದ.

ನನ್ನ ಅಜ್ಜಿ ಸೈಕಲ್ ಮೇಲಿದ್ದಳು. ಹಿಂದೆ ಸಾಲು ಸಾಲಾಗಿ ಸಿದ್ಧವಾಗಿದ್ದ ಚಿತ್ರಗಳು.

"ಓಡಿಸಿ ನೋಡೋಕೆ ಬೇರೆಯವರಿಗೆಲ್ಲ ಯಾವುದೋ ಪ್ರೋಗ್ರಾಂ ಹಾಕ್ತೀನಿ," ಎಂದ. "ಇದಕ್ಕೆ ನಿಮ್ಮ ಸಿನಿಮಾನೇ ಹಾಕಿದ್ದೆ. ನಿಮ್ಮ ಕೆಲಸ ಒಂದು ದಿನಾನೂ ನಿಂತಿಲ್ಲ. ಕಾರ್ಡ್ ತಪ್ಪಿದ್ರೆ ಚಿತ್ರದಲ್ಲಿ ಚುಕ್ಕೆ ಬೀಳುತ್ತೆ, ಅದಕ್ಕೇ ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೀನಿ. ಇನ್ನು ನೂರು ಬಾಕಿ. ನಲವತ್ತು ನಿಮಿಷ."

ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದೆ. "ಇದನ್ನ ಮೊದಲೇ ಹೇಳೋಕೆ ಏನು ಧಾಡಿ?"

"ಹೇಳಿದ್ರೆ ಫೋನ್ ಮಾಡಿ ಎಷ್ಟಾಯ್ತು ಅಂತ ಕೇಳ್ತಿದ್ರಿ. ಬರ್ತಿರಲಿಲ್ಲ." ಚಹಾದ ಲೋಟವನ್ನೇ ನೋಡುತ್ತ ಸೇರಿಸಿದ, "ಎಳೆದಿದ್ದು ತಪ್ಪೇ. ನೀವು ಎದುರಿಗೆ ಕೂತ್ರೆ ಚೆನ್ನಾಗಿತ್ತು."

"ಅಜ್ಜಿ ಹೇಗಿದ್ದಾಳೆ?" ಪರದೆಯತ್ತ ಕೈ ತೋರಿಸಿ ಕೇಳಿದೆ.

"ಬೀಳ್ತೀನಿ ಅಂತ ಗೊತ್ತಿದ್ದೂ ತುಳೀತಾಳಲ್ಲ, ಅಲ್ಲಿ ಕಣ್ಣು ತುಂಬ್ತು."

ಎರಡು ವರ್ಷದಲ್ಲಿ ಆ ಅಜ್ಜಿಯನ್ನು ನನ್ನಷ್ಟು ಹತ್ತಿರದಿಂದ ನೋಡಿದವನು ಇವನೊಬ್ಬನೇ. ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡೆ. ಕೊನೆಯ ಚಿತ್ರ ಬರುವ ತನಕ ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಒಂದು ಚುಕ್ಕೆಯೂ ಇರಲಿಲ್ಲ. ಅಲ್ಲಿಂದಲೇ ಸಿನಿಮಾ ಕಳಿಸಿದೆ. ತಲುಪಿತು ಎಂದು ಉತ್ತರ ಬಂದಾಗ ನನಗಿಂತ ಅವನೇ ಜೋರಾಗಿ ಕೂಗಿದ್ದು.

"ಕಾರ್ಡ್ ಸೋಮವಾರವೇ ಕೊಟ್ಟಿದ್ರೂ ಮಂಗಳವಾರ ಬರ್ತಿದ್ದೆ ಕಣ್ರೀ," ಎಂದೆ. "ನನ್ನ ಹತ್ರ ಪ್ರಶ್ನೆಗಳಿಗೇನು ಬರವಾ?"

"ಏನು ಕೇಳ್ತಿದ್ರಿ?"

"ಮದುವೆ ಆಗಿದೆಯಾ ಅಂತ."

ಅವನ ಕಿವಿ ಕೆಂಪೇರಿತು. "ಇಲ್ಲ."

"ಯಾಕೆ?"

"ಇಷ್ಟೊಂದು ಪ್ರಶ್ನೆ ಕೇಳೋರು ಸಿಕ್ಕಿರಲಿಲ್ಲ."

ಮುಂದೇನು ಕೇಳಬೇಕೆಂದು ಜೀವನದಲ್ಲಿ ಮೊದಲ ಸಲ ನನಗೆ ತಿಳಿಯಲಿಲ್ಲ. ಅವನೇ ಕೇಳಿದ.

"ಭಾನುವಾರ ಸಿಗ್ತೀರಾ? ಅವತ್ತು ಅಂಗಡಿ ಬಾಗಿಲು ಹಾಕಿರುತ್ತೆ."

"ಸಿಗ್ತೀನಿ," ಎಂದೆ. ಯಾಕೆ ಎಂದು ಕೇಳಲಿಲ್ಲ.