ಪಟಾಕಿಯ ಬಾಯಿಗೆ ಪೆನ್ಸಿಲ್

"ಎದೆ ಮೂವತ್ತೆಂಟು! ಬರ್ಕೊಂಡೆ ಅಪ್ಪಾ, ನೀನು ಆರಾಮಾಗಿರು!" ಎಂದಳು ಪಟಾಕಿ.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಿ ಬಿಟ್ಟರೆ ನಿಲ್ಲದ ಹುಡುಗಿಗೆ ಬೇರೆ ಹೆಸರು ಯಾಕೆ?

ಟೈಲರ್ ಅಪ್ಪನಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಗಿತ್ತು. ಬಲಗೈ ಏಳುತ್ತಿರಲಿಲ್ಲ, ಮಾತು ತಡೆತಡೆದು ಬರುತ್ತಿತ್ತು. ಅಂಗಡಿಗೆ ಯಾರಾದರೂ ಬಂದರೆ ಸಾಕು, ಪರದೆಯ ಹಿಂದೆ ಹೋಗಿ ಕೂರುತ್ತಿದ್ದರು. ಇವತ್ತೇ ಮೊದಲ ಸಲ ಗಿರಾಕಿಯ ಎದುರು ಕೂತಿದ್ದರು, ಅದೂ ಬಂದವರು ಹಳೆಯ ಗೆಳೆಯ ಪೋಸ್ಟ್‌ಮ್ಯಾನ್ ಮಾಮ ಅಂತ. ಅಮ್ಮ ಟೇಪು ಹಿಡಿದು ಮಾಮನ ಶರ್ಟಿಗೆ ಅಳತೆ ತೆಗೆಯುತ್ತಿದ್ದರು. ಅಪ್ಪ ಮತ್ತೆ ಒಳಗೆ ಹೋಗಿಬಿಟ್ಟರೆ ಅಂತ ಪಟಾಕಿಗೆ ಹೆದರಿಕೆ.

"ಎಡ..." ಎಂದರು ಅಪ್ಪ.

"ಎಡ ತೋಳಾ? ಎರಡೂ ಒಂದೇ ಅಳತೆ ಅಲ್ವಾ!"

"ಅಲ್ಲ... ಎಡ..."

"ಜೇಬಾ? ಎಡಗಡೆಗೇ ಇಡ್ತೀವಿ ಬಿಡಪ್ಪಾ!"

ಅಪ್ಪ ಎಡಗೈಯಿಂದ ಮೇಜಿಗೆ ಗುದ್ದಿದರು. ಕತ್ತರಿ ಠಣ್ ಎಂದು ನೆಲಕ್ಕೆ ಬಿತ್ತು. ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಪರದೆಯ ಹಿಂದೆ ಹೋಗೇಬಿಟ್ಟರು.

ಪಟಾಕಿಯ ಕಣ್ಣು ತುಂಬಿತು.

"ಯಾಕೆ ಪುಟ್ಟಾ ಅಷ್ಟೊಂದು ಅವಸರ ಮಾಡ್ದೆ?" ಮಾಮ ಮೆಲ್ಲಗೆ ಕೇಳಿದರು.

"ನಾನು..."

"ಅಪ್ಪನಿಗೆ ಕಷ್ಟ ಆಗ್ಬಾರ್ದು ಅಂತ, ಪಾಪ," ಎಂದರು ಅಮ್ಮ.

"ನಾನು..."

"ಅವಳಿಗೆ ಅಪ್ಪ ಅಂದ್ರೆ ಪ್ರಾಣ."

"ಅಮ್ಮಾ! ನಂಗೆ ಹೇಳೋಕೆ ಬಿಡ್ತೀಯಾ!"

ಕೂಗಿದವಳಿಗೆ ಅದು ಅಪ್ಪನ ಮಾತೇ ಅನ್ನಿಸಿತು. ಪರದೆಯ ಕಡೆ ನೋಡಿದಳು.

ಅಳತೆ ಬುಕ್ಕು ಹಿಡಿದು ಒಳಗೆ ಹೋಗಿ ಅಪ್ಪನ ಎದುರು ನೆಲದ ಮೇಲೆ ಕೂತಳು. "ಎಡ ಅಂದ್ಯಲ್ಲಪ್ಪಾ. ಆಮೇಲೆ?" ಅಷ್ಟೇ ಕೇಳಿ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡಳು.

ಅಪ್ಪ ಮುಖ ತಿರುಗಿಸಿದರು. ಹೊರಗೆ ಒಂದು ಬೈಕು ಹೋಯಿತು, ಇನ್ನೊಂದು ಹೋಯಿತು. ಪಟಾಕಿಯ ಬಾಯಲ್ಲಿ ಹತ್ತು ಮಾತು ನೂಕಾಡುತ್ತಿದ್ದವು. ಅವಳು ಪೆನ್ಸಿಲನ್ನು ಇನ್ನೂ ಗಟ್ಟಿಯಾಗಿ ಕಚ್ಚಿದಳು.

"ಎಡ... ಭುಜ..." ಎಂದರು ಅಪ್ಪ ಕೊನೆಗೆ. "ಅರ್ಧ... ಇಂಚು... ಇಳಿ... ಇಳಿಸು."

"ಹೌದಲ್ಲಾ!" ಹೊರಗಿನಿಂದ ಮಾಮನ ದನಿ. "ಇಪ್ಪತ್ತು ವರ್ಷ ಚೀಲ ಹೊತ್ತೂ ಹೊತ್ತೂ ಈ ಭುಜ ಜೋತುಬಿದ್ದಿದೆ. ನಾನೇ ಮರ್ತಿದ್ದೆ, ಮಾರಾಯಾ!"

ಪಟಾಕಿ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು. ಟೇಪು ಹಿಡಿದ ಅಮ್ಮನಿಗಾಗಲಿ ಅವಳಿಗಾಗಲಿ ಇದು ಕಂಡೇ ಇರಲಿಲ್ಲ.

ಅಪ್ಪ ಪರದೆ ಸರಿಸಿ ಹೊರಗೆ ಬಂದರು. "ಕಾಲರು..." ಎಂದು ಶುರು ಮಾಡಿದರು.

"ಹಳೇ ಶರ್ಟಿನ ಥರಾನೇ ಇರ್ಲಿ..." ಮಾಮ ನಡುವೆ ಬಾಯಿ ಹಾಕಿದರು.

ಪಟಾಕಿ ಕಣ್ಣು ದೊಡ್ಡದು ಮಾಡಿ, ಡಬ್ಬಿಯಿಂದ ಇನ್ನೊಂದು ಪೆನ್ಸಿಲ್ ತೆಗೆದು ಮಾಮನ ಕೈಗಿಟ್ಟಳು. ತನ್ನದನ್ನು ಮತ್ತೆ ಕಚ್ಚಿಕೊಂಡಳು.

ಅಪ್ಪನ ತುಟಿ ಒಂದು ಕಡೆಗೆ ಮೇಲೆದ್ದು ನಕ್ಕಿತು. ಆಮೇಲೆ ಅವರು ನಿಧಾನವಾಗಿ ಕಾಲರಿನ ವಿಷಯವನ್ನು ಪೂರ್ತಿ ಹೇಳಿದರು.