ರಾಣಿಯ ಉಡುಪಿಗೆ ಬಿದ್ದ ಕತ್ತರಿ

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು ಅಂಗಡಿಯ ಶಟರ್ ಎತ್ತಿದೆ. ಎತ್ತಿದವನು ಅಲ್ಲೇ ನಿಂತುಬಿಟ್ಟೆ.

ನೆಲದ ತುಂಬ ನೀಲಿ ಸ್ಯಾಟಿನ್ ಚೂರು. ನಾನು ಜೀವ ತೇದು ಹೊಲಿದ, ನೆರಿಗೆ ತುಂಬಿದ ಘೇರಿನ ಲಂಗ — ಒಂದು ಪಟ್ಟಿಯೂ ಇಡಿಯಾಗಿ ಉಳಿದಿಲ್ಲ. ಜಂಪರಿನ ತೋಳು ಒಂದು ಕಡೆ, ಬೆನ್ನು ಇನ್ನೊಂದು ಕಡೆ. ರಟ್ಟಿನ ಕಿರೀಟ ಮುರಿದು ಎರಡಾಗಿತ್ತು. ಉದ್ದ ಕೂದಲಿನ ವಿಗ್ಗನ್ನು ಬುಡದತನಕ ಕತ್ತರಿಸಿದ್ದರು. ಅದೂ ನನ್ನದೇ ಕತ್ತರಿಯಿಂದ! ಶಹಾಪುರದಲ್ಲಿ ಸುಲ್ತಾನಸಾಬನ ಕತ್ತರಿ ಮುಟ್ಟುವ ಧೈರ್ಯ ನನ್ನ ಹೆಂಡತಿಗೂ ಇಲ್ಲ.

"ಯಾ ಅಲ್ಲಾ! ಯಾವ ಹರಾಮಖೋರ ಮಾಡ್ಯಾನ ಇದನ್ನ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಉಳಿದದ್ದು ಬಳೆಗಳು ಮಾತ್ರ. ಹಸಿರು ಗಾಜಿನ ಬಳೆಗಳು. ಹಳದಿ ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕಿದ್ದವು ಹಾಗೇ ಇದ್ದವು. ದಾರ ನನ್ನ ರೀಲಿನದೇ. ಮಾಡಿದವನ ಕಣ್ಣಿಗೆ ಬಳೆ ಬಿದ್ದಿಲ್ಲ ಅಂದುಕೊಂಡೆ.

ಆ ಉಡುಪು ಅಂಬ್ರೇಶನದು. ಬಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾನೆ. ಫೋನಿನಲ್ಲಿ ಬರುವ 'ಏಳು ಸುತ್ತಿನ ಗಡಿ' ಎಂಬ ಕಾರ್ಟೂನ್ ಧಾರಾವಾಹಿಯ ಹುಚ್ಚು ಅವನಿಗೆ. ಅದೇ ಹುಚ್ಚಿನವರೆಲ್ಲ ವರ್ಷಕ್ಕೊಮ್ಮೆ ಕಲಬುರಗಿಯಲ್ಲಿ ಸೇರುತ್ತಾರೆ. ಅದರೊಳಗಿನವರ ಹಾಗೆ ವೇಷ ಹಾಕಿಕೊಂಡು ತಿರುಗುತ್ತಾರೆ. ಕಾಸ್‌ಪ್ಲೇ ಅನ್ನುತ್ತಾರಂತೆ. ಅಂಬ್ರೇಶ ಹಾಕುವುದು ರಾಣಿ ನಾಗಲತೆಯ ವೇಷ. ಅವನ ಗೆಳತಿ ದೇವಕಿ, ಡಿಗ್ರಿ ಕಾಲೇಜಿನ ಹುಡುಗಿ, ಸೇನಾಪತಿ ಆಗುತ್ತಾಳೆ. ಹುಡುಗ ರಾಣಿ, ಹುಡುಗಿ ಸೇನಾಪತಿ. ಮೊದಲ ಸಲ ಕೇಳಿದಾಗ ನಕ್ಕು ನಕ್ಕು ನನಗೆ ಕೆಮ್ಮು ಬಂದಿತ್ತು.

ಅಳತೆ ತೆಗೆಯುವಾಗ ನಾನು ಹೇಳಿದ್ದೆ, "ನಿನ್ನ ಭುಜ ಅಗಲ ಅದ. ಜಾಲರಿ ಇಟ್ಟು ಮುಚ್ಚತೀನಿ. ಹೆಣ್ಣಿನಂಗ ಕಾಣ್ತದ."

"ಮುಚ್ಚಬ್ಯಾಡ್ರಿ ಚಾಚಾ. ಭುಜಾನೂ ಕಾಣ್ಲಿ, ಲಂಗಾನೂ ಕಾಣ್ಲಿ."

"ಎರಡೂ ಯಾಕೋ?"

"ಅದಕ್ಕ ನೋಡ್ರಿ ಮಂದಿ ನೋಡಾಕ ಬರೋದು."

ನನ್ನ ಇಷ್ಟು ವರ್ಷದ ಹೊಲಿಗೆಯಲ್ಲಿ ಅಂಥ ಅಳತೆ ಯಾರೂ ಕೊಟ್ಟಿರಲಿಲ್ಲ. ಕೆಲಸಕ್ಕೆ ರುಚಿ ಹತ್ತಿತು. ಮನೆಯಲ್ಲಿ ಇಡುವಂತಿಲ್ಲ ಎಂದು ಉಡುಪನ್ನು ನನ್ನಲ್ಲೇ ಇಟ್ಟಿದ್ದ. ಮಣಿ ಹಚ್ಚಲು ಬೆಳಿಗ್ಗೆ ಬೇಗ ಬರುತ್ತಿದ್ದ. ಅದಕ್ಕೆಂದೇ ಅಂಗಡಿಯ ಒಂದು ಕೀಲಿಕೈ ಕೊಟ್ಟಿದ್ದೆ. ಭಾನುವಾರ ಕಲಬುರಗಿ. "ಆ ಒಂದ ದಿನದ ಸಲುವಾಗಿ ಉಳದ ದಿನಾ ಎಲ್ಲಾ ತಳ್ತೀನಿ ಚಾಚಾ," ಎನ್ನುತ್ತಿದ್ದ. ಇನ್ನೊಂದನ್ನು ಹೊಲಿಯಲು ಈಗ ಹೊತ್ತೂ ಇಲ್ಲ, ಬಟ್ಟೆಯೂ ಇಲ್ಲ. ಅವನಿಗೆ ಏನೆಂದು ಹೇಳಲಿ?

ನನ್ನ ಕೂಗಿಗೆ ಎದುರು ಮನೆಯಿಂದ ಲಾಲಮ್ಮ ಬಂದಳು. ಸುರಪುರ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು, ಈಗ ರಿಟೈರ್. ಬಾಯಲ್ಲಿ ಸದಾ ಎಲೆ ಅಡಿಕೆ.

"ಒದರಬ್ಯಾಡ ಸುಲ್ತಾನ. ಕೀಲಿ ಒಡದಾರೇನು?"

"ಇಲ್ಲಕ್ಕ. ನಾ ಬಂದಾಗ ಹಾಕಿದ್ದು ಹಾಕಿದಂಗ ಇತ್ತು."

"ಎಷ್ಟೊತ್ತಿಗಿ ಹೋಗಿದ್ದಿ?"

"ಬೆಳಿಗ್ಗಿಂದ ಊರಾಗೆಲ್ಲಾ ಕರೆಂಟಿಲ್ಲ. ಮೋಟರಿನ ಮಿಷಿನ್ನು, ಸುಮ್ಮ ಕುಂತು ಕುಂತು ಬ್ಯಾಸರಾಗಿ ಅಜಾನಕ್ಕ ಮೊದಲ ಹೋದೆ. ಇನ್ನಾ ಬಂದಿಲ್ಲ ನೋಡು."

"ಕೀಲಿಕೈ ಯಾರ್ ಯಾರ ಹತ್ರ ಅವ?"

"ನನ್ನ ಹತ್ರ, ಅಂಬ್ರೇಶನ ಹತ್ರ, ಅಂಗಡಿ ಮಾಲಕರು ಪಂಪಣ್ಣ ಸಾವ್ಕಾರ್ರ ಹತ್ರ. ಮತ್ತ್ಯಾಕ ಕೇಳ್ತಿ? ಸಾವ್ಕಾರ್ರದ ಕೆಲಸ ಇದು!"

ಪಂಪಣ್ಣನ ಮೇಲೆ ನನಗೆ ಮೊದಲೇ ಸಿಟ್ಟು. ಎರಡು ಸಲ ಬಂದು ಉಡುಪು ನೋಡಿ ಮೂಗು ಮುರಿದಿದ್ದ. ಲಾಲಮ್ಮ ಅವನನ್ನು ಕರೆಸಿದಳು. ಹಣೆಯ ಮೇಲೆ ವಿಭೂತಿ, ಮುಖದ ಮೇಲೆ ಬಿಗುವು.

"ಸಾವ್ಕಾರ್ರ, ಇದನ್ನ ನೀವು ಮಾಡೀರೇನ್ರಿ?"

"ನಾ ಮಾಡೋದಿದ್ರ ಎದುರಿಗೇ ಮಾಡ್ತಿದ್ದೆ. ಅಂಗಡಿ ಖಾಲಿ ಮಾಡು ಅಂತ ಸಾಬಗ ಎದುರಿಗೇ ಹೇಳಿಲ್ಲೇನು? ಗಂಡಸು ಲಂಗಾ ಹಾಕ್ಕೋತಾನಂತ. ಥೂ!"

"ಮಧ್ಯಾಹ್ನ ಎಲ್ಲಿದ್ರಿ?"

"ಅಳಿಯನ ಕೂಡ ಊಟಕ್ಕ ಕುಂತಿದ್ದೆ. ಕೇಳ್ರಿ ಬೇಕಾದ್ರ." ಗೋಡೆಯ ಬಳೆ ಕಂಡು ಮತ್ತೆ ಉರಿದುಬಿದ್ದ. "ಇವನ್ಯಾಕ ಬಿಟ್ಟಾರ? ನಾನಾಗಿದ್ರ ಮೊದಲ ಇವನ್ನ ನೆಲಕ್ಕ ಹೊಡೀತಿದ್ದೆ."

ಲಾಲಮ್ಮ ಅವನನ್ನೇ ನೋಡಿದಳು. "ಹೌದ್ರಿ, ಹೊಡೀತಿದ್ರಿ. ಹೋಗ್ರಿ ನೀವು."

"ಹಂಗ್ಯಾಕ ಬಿಟ್ಟಿ ಅವನ್ನ?" ಎಂದು ನಾನು ರೇಗಿದೆ. ಅವಳು ಬಳೆಗಳ ಕಡೆ ತಿರುಗಿದಳು.

ಅಷ್ಟರಲ್ಲಿ ಅಂಬ್ರೇಶ ಬಂದ, ಹಿಂದೆ ದೇವಕಿ. ಅವನು ಅಳಲಿಲ್ಲ. ಕೂತು ಒಂದೊಂದು ಚೂರು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ, ಕೂಡಿಸಿದರೆ ಕೂಡುತ್ತದೇನೋ ಎಂಬ ಹಾಗೆ. ಲಾಲಮ್ಮ ದೇವಕಿಯನ್ನು ಬಾಗಿಲಿಗೆ ಕರೆದಳು.

"ಹೋದ ವರ್ಷ ಇಬ್ಬರೂ ಜಗಳಾಡಿದ್ರಂತ?"

"ಹೌದ್ರಿ. ಎಲ್ಲಾರೂ ಅವನ ಫೋಟೋ ತಕ್ಕೊಂಡ್ರು. ನನಗ ಹೊಟ್ಟಿಕಿಚ್ಚಾತು. ಸುಳ್ಳ್ಯಾಕ ಹೇಳ್ಲಿ?"

"ಇವಗ್ಯಾಕ ಅಷ್ಟು ಮಂದಿ ಮುಗಿಬೀಳ್ತಾರ?"

ದೇವಕಿ ಸ್ವಲ್ಪ ಯೋಚಿಸಿದಳು. "ಹೆಣ್ಣಂತ ಅಲ್ರಿ, ಗಂಡಂತನೂ ಅಲ್ಲ. ಎರಡೂ ಕೂಡಿದ್ದು ಅವನ ಮ್ಯಾಲ ಛಂದ ಒಪ್ಪತದ. ನಾ ಹಚ್ಚಿಕೊಂಡ ಮೀಸಿ ಫೋಟೋದಾಗ ನೋಡಿ ಹುಡುಗ್ಯಾರು 'ನನ್ನ ಮದುವಿ ಆಗು' ಅಂತ ಬರೀತಾರ. ನಾ ಹುಡುಗಿ ಅಂತ ಗೊತ್ತಿದ್ದೂ ಬರೀತಾರ. ಅಲ್ಲಿ ಯಾರೂ ನಮ್ಮನ್ನ ನೀವು ಯಾರು ಅಂತ ಕೇಳಂಗಿಲ್ರಿ. ಅಂವ ಇಲ್ಲಂದ್ರ ಭಾನುವಾರ ನಾ ಹೋಗಿ ಏನ ಮಾಡ್ಲಿ? ರಾಣಿ ಇಲ್ಲದ ಸೇನಾಪತಿ ಯಾರಿಗಿ ಬೇಕು?"

"ಮಧ್ಯಾಹ್ನ?"

"ಕಾಲೇಜಿನ್ಯಾಗ ಪರೀಕ್ಷಾ ಇತ್ತು."

ಲಾಲಮ್ಮ ಅಂಬ್ರೇಶನ ಪಕ್ಕ ಕೂತಳು. "ಕೀಲಿಕೈ ಎಲ್ಲ್ಯಾದಪ್ಪಾ?"

ಅವನು ಕಿಸೆಯಿಂದ ತೆಗೆದು ತೋರಿಸಿದ. "ಇಲ್ಲೇ ಅದರಿ. ಊಟಕ್ಕ ಮನಿಗಿ ಹೋಗಿ ಪ್ಯಾಂಟ್ ಬಿಚ್ಚಿ ಗೂಟಕ್ಕ ಹಾಕಿ ಒಂದಿಷ್ಟು ಮಲಗಿದ್ದೆ. ಎದ್ದಾಗ ಪ್ಯಾಂಟಿನ್ಯಾಗೇ ಇತ್ತು."

"ಮನ್ಯಾಗ ಯಾರಿದ್ರು?"

"ಯಾರೂ ಇಲ್ರಿ. ಅಪ್ಪ ಕಾಲುವಿ ಗೇಟ್ ಕಾಯಾಕ ಹೋಗಿದ್ದ. ಅವ್ವ ಜ್ವಾಳ ಬೀಸಿಸ್ಕೊಂಡು ಬರ್ತೀನಂತ ಗಿರಣಿಗಿ ಹೋಗಿದ್ಲು."

"ಈ ಬಳಿ ನೀನ ಪೋಣಿಸಿ ತೂಗಹಾಕಿದ್ದೇನು?"

"ಇಲ್ರಿ, ಪೇಪರಿನ್ಯಾಗ ಸುತ್ತಿ ಡಬ್ಬ್ಯಾಗ ಇಟ್ಟಿದ್ದೆ. ಚಾಚಾ ತೂಗಹಾಕಿರಬೇಕು."

"ನಾನ್ಯಾಕ ತೂಗಹಾಕ್ಲೋ? ನೀನ ಅಂತ ನಾ ತಿಳಿದಿದ್ದೆ," ಎಂದೆ.

ಲಾಲಮ್ಮ ಎದ್ದು ಹೋಗಿ ದಾರವನ್ನು ಬೆರಳಿನಲ್ಲಿ ಹಿಡಿದಳು. ಬೆರಳನ್ನು ನಾಲಿಗೆಗೆ ತಾಗಿಸಿ ಹಸಿ ಮಾಡಿ ಮತ್ತೆ ಉಜ್ಜಿದಳು. ಅವಳ ಮುಖದ ಕಳೆ ಇಳಿಯಿತು. ಬಳೆಗಳನ್ನು ಮೊಳೆಯಿಂದ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು.

"ನಡೀರಿ, ಅಂಬ್ರೇಶನ ಮನಿಗಿ ಹೋಗೋಣು."

"ಅಲ್ಲಿಗ್ಯಾಕ? ಅವರಿಗಿ ಈ ವೇಷದ ಸುದ್ದೇ ಗೊತ್ತಿಲ್ಲ!" ಎಂದೆ. ಅವಳು ಆಗಲೇ ಬೀದಿಗೆ ಇಳಿದಿದ್ದಳು. ದೇವಕಿ ಅಂಗಡಿಯಲ್ಲೇ ಉಳಿದು ಚೂರು ಗುಡಿಸಿ ಒಟ್ಟುಮಾಡಿದಳು.

ಕಾಲುವೆ ದಂಡೆಯ ಮೇಲೆ, ನೀರಾವರಿ ಕೆಲಸದವರ ಹಳೆಯ ಕ್ಯಾಂಪಿನಲ್ಲಿ ಅವರ ಮನೆ. ಬಾಗಿಲ ಬಳಿ ಬಾಯಿ ಕಟ್ಟಿದ ಜೋಳದ ಚೀಲ. ಅಂಬ್ರೇಶನ ತಾಯಿ ಮೋನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ, ಬರ್ರಿ ಎನ್ನಲಿಲ್ಲ.

ಲಾಲಮ್ಮ ಚೀಲವನ್ನು ಕೈಯಿಂದ ಒತ್ತಿ ನೋಡಿದಳು. "ಜ್ವಾಳ ಬೀಸಿಲ್ಲಲ್ಲ ಮೋನಮ್ಮ?"

"ಇಲ್ಲ."

"ಹ್ಯಾಂಗ ಬೀಸ್ತಾರ? ಬೆಳಿಗ್ಗಿಂದ ಊರಾಗ ಕರೆಂಟೇ ಇಲ್ಲ. ಗಿರಣಿಗಿ ಅಂತ ಹೊಂಟಾಕಿ ನೀ ಎಲ್ಲಿಗಿ ಹೋಗಿದ್ದಿ?"

ಅಂಬ್ರೇಶ ಒಮ್ಮೆ ತಾಯಿಯನ್ನು, ಒಮ್ಮೆ ಲಾಲಮ್ಮನನ್ನು ನೋಡಿದ.

"ಏನ ಕೇಳಾಕತ್ತೀರಿ ಅಕ್ಕೋರ? ನಮ್ಮವ್ವಗ ಏನೂ ಗೊತ್ತಿಲ್ರಿ!"

ಲಾಲಮ್ಮ ಸೆರಗು ಬಿಚ್ಚಿ ಬಳೆಗಳನ್ನು ಕಟ್ಟೆಯ ಮೇಲೆ ಇಟ್ಟಳು.

"ಕೇಳು ತಮ್ಮಾ. ಲಂಗ, ಕಿರೀಟ, ಕೂದಲ — ಎಲ್ಲಾ ಚೂರು ಚೂರು. ಬಳಿ ಅಷ್ಟ ಒಂದೂ ಮುಕ್ಕಾಗಿಲ್ಲ. ಸಿಟ್ಟಿಗೆದ್ದ ಕೈ ಮೊದಲ ಒಡಿಯೋದ ಗಾಜು. ಸಾವ್ಕಾರ್ರು ತಾವ ಬಾಯಿಬಿಟ್ಟು ಅಂದ್ರು. ಕಣ್ಣಿಗಿ ಬಿದ್ದಿಲ್ಲ ಅಂತ ಸುಲ್ತಾನ ತಿಳಿದ. ಬೀಳದೇ ಏನು? ಡಬ್ಬಿ ತಗದು, ಪೇಪರ್ ಬಿಚ್ಚಿ, ಒಂದೊಂದ ಪೋಣಿಸ್ಯಾರ. ದಾರ ತನ್ನ ರೀಲಿಂದ ಅಂದ್ಕೊಂಡ ಇಂವ. ರೀಲಿನ ದಾರ ಬಣ್ಣ ಬಿಡಂಗಿಲ್ಲ. ಇದು ಬಿಟ್ಟದ. ಬಿಳಿ ದಾರಕ್ಕ ಅರಿಷಿಣ ಹಚ್ಚ್ಯಾರ."

ಜೀವಮಾನವೆಲ್ಲ ದಾರದಲ್ಲೇ ಕಳೆದವನು ನಾನು. ಒಂದು ದಾರದ ಬಣ್ಣ ತಿಳಿಯಲಿಲ್ಲ.

"ಹಸರ ಬಳಿ ಒಡಿಯಾಕ ಅಂಜಿ, ಅರಿಷಿಣ ಹಚ್ಚಿ, ನೆಲಕ್ಕ ಇಡಬಾರದಂತ ಮ್ಯಾಲ ತೂಗಹಾಕಾಕಿ ಯಾರು? ಅವು ಎಲ್ಲಮ್ಮನ ಬಳಿ ಅಂತ ತಿಳಿದಾಕಿ. ಮಗನ್ನ ದೇವಿ ಹಿಡದಾಳ, ಸೀರಿ ಉಟ್ಟು ಜೋಗಪ್ಪ ಆಗಿ ಹೋಗ್ತಾನ ಅಂತ ಅಂಜಿದಾಕಿ. ಕೀಲಿಕೈ ಪ್ಯಾಂಟಿನ್ಯಾಗಿಂದ ತಗದು, ಅಂವ ಏಳೋದ್ರೊಳಗ ತಿರುಗಿ ಇಟ್ಟಾಕಿ. ನೀನ ಅಲ್ಲೇನು ಮೋನಮ್ಮ?"

"ನಾನ," ಎಂದಳು ಮೋನಮ್ಮ. ಅಷ್ಟೇ.

ಅಂಬ್ರೇಶ ಕಟ್ಟೆಯ ಕೆಳಗೆ ಕುಸಿದು ಕೂತ. "ಅವ್ವಾ... ಯಾಕವ್ವಾ?"

"ಬಾಜೂಮನಿ ತಿಮ್ಮವ್ವ ಫೋನಿನ್ಯಾಗ ತೋರ್ಸಿದ್ಲು. ಸಾಬರ ಅಂಗಡ್ಯಾಗ ಲಂಗ ಉಟ್ಟು, ಕೈತುಂಬ ಹಸರ ಬಳಿ ಇಟ್ಟು ನಿಂತಿದ್ದಿ. ಥೇಟ್ ನಮ್ಮಣ್ಣ." ಕಟ್ಟೆಯ ಮೇಲಿನ ಬಳೆಗಳಿಂದ ದೂರ ಸರಿದು ಕೂತಳು. "ನಿನಗೊಬ್ಬ ಸೋದರಮಾವ ಇದ್ದ. ನಿನಗ ಹೇಳಿಲ್ಲ ನಾ. ಜೋಗಪ್ಪ ಆಗಿ ಹೋದ. ಒಮ್ಮಿ ತಿರುಗಿ ಬಂದಾಗ ನಮ್ಮಪ್ಪ ಒಳಗ ಕರೀಲಿಲ್ಲ. ಕಕ್ಕೇರಿ ದಾರ್‍ಯಾಗ ಗಿಡದ ಬುಡಕ ಸತ್ತ. ಮಣ್ಣು ಹಾಕಾಕೂ ನನ್ನ ಬಿಡಲಿಲ್ಲ."

ನಂತರ ನನ್ನ ಕಡೆ ತಿರುಗಿದಳು. "ಸಾಬರ, ನೀವೂ ಮಕ್ಕಳನ್ನ ಹಡದವರು. ನೀವ ಹೊಲದ್ರೇನ್ರಿ ಅದನ್ನ?"

ನಾನು ಹೌದೆಂದು ತಲೆಯಾಡಿಸಿದೆ.

ಅಂಬ್ರೇಶ ತಾಯಿಯ ಎರಡೂ ಕೈ ಹಿಡಿದುಕೊಂಡ. "ಅವ್ವಾ, ಇದು ದೇವಿ ಅಲ್ಲ. ನನಗ ಯಾವ ದೇವಿನೂ ಹಿಡದಿಲ್ಲ. ಇದೊಂದು ಆಟ. ಮುಂಜಾನಿ ಹಾಕ್ಕೊಂಡು ಸಂಜಿಕಿ ಬಿಚ್ಚಿಡೋದು. ನಾ ಎಲ್ಲಿಗೂ ಹೋಗಂಗಿಲ್ಲ."

ಮೋನಮ್ಮ ಅವನ ಮುಖವನ್ನೇ ನೋಡಿದಳು. ಆ ಒಂದು ಗಳಿಗೆ ಅವಳು ನಂಬಲು ಸಿದ್ಧಳಾಗಿದ್ದಳು. ನಾನೇ ಕಣ್ಣಾರೆ ಕಂಡೆ.

"ಬರೇ ಆಟ ಇದ್ರ ಯಾಕ ಹಾಕ್ಕೋತಿ? ಗಂಡಸರ ವೇಷ ಇಲ್ಲೇನು ಅದರಾಗ?"

ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಗೆಳೆಯರು ಹಾಕೆಂದರು ಅನ್ನಬಹುದಿತ್ತು. ಅನ್ನೋ ಅನ್ನೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ತಾಯಿ ಎದುರಿಗೆ ಕೇಳಿದ ಮೇಲೆ ಸುಳ್ಳು ಆಡುವ ಹುಡುಗ ಅವನಲ್ಲ.

"ಅದು ನನಗ ಸೇರ್ತದವ್ವಾ. ಹಾಕ್ಕೊಂಡು ಕನ್ನಡಿ ನೋಡಿದ್ರ ನನಗ ನಾ ಛಲೋ ಕಾಣ್ತೀನಿ."

ಮೋನಮ್ಮ ಕೈ ಬಿಡಿಸಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಅಣ್ಣನೂ ಇದನ್ನ ಅಂದಿದ್ದ. ದೇವಿ ಅಂತ ಅವನೂ ಮೊದಲ ಅನ್ಲಿಲ್ಲ. ನನಗ ಸೇರ್ತದ ತಂಗಿ ಅಂದಿದ್ದ. ಇದ ಮಾತು."

ವಾಪಸು ಬರುವಾಗ ನಾನು ಲಾಲಮ್ಮನ ಮೇಲೆ ಹಾರಾಡಿದೆ. "ಏನರ ಮಾಡಕ್ಕ! ನೀ ಪೊಲೀಸರಾಗ ಇದ್ದಾಕಿ!"

"ತಾಯಿ ಮಗನ ಬಟ್ಟಿ ಹರದ್ರ ಯಾವ ಕಲಂ ಹಚ್ಚಲಿ? ಆಕೀಗಿ ಗೊತ್ತಿರೋವು ಎರಡ ದಾರಿ: ಎಲ್ಲಾ ಗಂಡಸರಂಗ ಮನ್ಯಾಗ ಇರೋದು, ಇಲ್ಲಾ ಜೋಗಪ್ಪ ಆಗಿ ಹೋಗೋದು. ಮೂರನೇದ್ದು ಹ್ಯಾಂಗ ತೋರಸ್ಲಿ? ನನಗೂ ಗೊತ್ತಿಲ್ಲ." ಬಳೆಗಳ ಗೊಂಚಲನ್ನು ನನ್ನ ಕೈಗಿಟ್ಟಳು. ಅವರ ಮನೆಯಲ್ಲಿ ಅದನ್ನು ಯಾರೂ ಇಟ್ಟುಕೊಳ್ಳಲು ಒಪ್ಪಿರಲಿಲ್ಲ.

ಭಾನುವಾರ ದೇವಕಿ ಕಲಬುರಗಿಗೆ ಹೋಗಲಿಲ್ಲ. ಬಳೆಗಳನ್ನು ನಾನು ಅದೇ ಮೊಳೆಗೆ ತೂಗುಹಾಕಿದೆ. ಬ್ಲೌಸಿಗೆ ಅಳತೆ ಕೊಡಲು ಬಂದ ಹೆಂಗಸರು ಯಾರವು ಎಂದು ಕೇಳುತ್ತಾರೆ. ಗಿರಾಕಿ ಇನ್ನೂ ಒಯ್ದಿಲ್ಲ ಅನ್ನುತ್ತೇನೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಗಿರಾಕಿ ಬಂದ. ತಲೆ ನುಣ್ಣಗೆ ಬೋಳಿಸಿತ್ತು. ತಾಯಿ ಎಲ್ಲಮ್ಮನಿಗೆ ಹೊತ್ತ ಹರಕೆ ತೀರಿಸಿದ್ದಳು. ಮೊಬೈಲ್ ಅಂಗಡಿ ಬಿಟ್ಟು ಅಪ್ಪನ ಜೊತೆ ಗೇಟು ಕಾಯುವ ಕೆಲಸಕ್ಕೆ ಸೇರಿದ್ದ. ಯುಗಾದಿಯಾದ ಮೇಲೆ ಮದುವೆಯಂತೆ. ಕೈಯಲ್ಲಿ ಒಂದು ಖಾಕಿ ಪ್ಯಾಂಟು.

"ಉದ್ದ ಆಗ್ಯಾದ ಚಾಚಾ. ಒಂದಿಷ್ಟು ಮಡಚಿ ಹೊಲೀರಿ."

ಹೊಲಿದುಕೊಟ್ಟೆ. ಅವನು ಗೋಡೆಯ ಕಡೆ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ಬಳೆ ತೆಗೆದು ಅವನ ಮುಂದೆ ಹಿಡಿದೆ.

"ತಗೋ ಬೇಟಾ, ನಿನ್ನವು. ಮತ್ತೊಂದು ಲಂಗ ಹೊಲಿತೀನಿ. ಭುಜ ಮುಚ್ಚಂಗಿಲ್ಲ, ಖರೇ ಹೇಳ್ತೀನಿ."

ಅವನು ಎರಡು ಹೆಜ್ಜೆ ಹಿಂದೆ ಸರಿದ. ಹೊಸಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು, ಬಳೆಗಳಿಗೆ ಕೈ ಮುಗಿದ.

"ನನ್ನವಲ್ರಿ ಚಾಚಾ," ಎಂದ. "ಆಕೀವು. ನೀವೂ ಮುಟ್ಟಬ್ಯಾಡ್ರಿ."

ಪ್ಯಾಂಟನ್ನು ಬಗಲಲ್ಲಿ ಇಟ್ಟುಕೊಂಡು ಗೇಟಿನ ಕೆಲಸಕ್ಕೆ ಹೊರಟುಹೋದ.